ಗೇಟಿನವರೆಗೆ ನುಡಿಸಿದ ಮಟ್ಟು

ಗೊತ್ತಿತ್ತು, ಹೇಳಲಿಲ್ಲ. ನನ್ನ ತಪ್ಪು ಇಷ್ಟೇ. ಡಲ್ಲಾಸ್‌ನ ಒಂದು ಸಭಾಂಗಣದಲ್ಲಿ ನನ್ನ ತಂಗಿ ಮೈಸೂರು ರೇಷ್ಮೆ ಸೀರೆಯುಟ್ಟು, ತಾತನ ಕೊಳಲು ಕೈಯಲ್ಲಿ ಹಿಡಿದು, ತುಂಬಿದ ಸಭೆಯ ಮುಂದೆ ತಾತನ ಬಗ್ಗೆ ಹೆಮ್ಮೆಯಿಂದ ಒಂದು ಮಾತು ಹೇಳಿದಳು. ಅದು ಹೆಮ್ಮೆಪಡುವ ಮಾತಲ್ಲವೆಂದು ಅವಳಿಗೆ ಗೊತ್ತಿರಲಿಲ್ಲ, ಅಲ್ಲಿದ್ದ ಬಲ್ಲವರಿಗೆ ಕೂಡಲೇ ತಿಳಿಯಿತು. ನನಗೆ ಹದಿನೇಳನೇ ವಯಸ್ಸಿನಿಂದಲೇ ತಿಳಿದಿತ್ತು. ಅದನ್ನು ಅವಳಿಗೆ ಹೇಳುವ ಕೆಲಸವನ್ನು ಅಪ್ಪ ನನಗೇ ಒಪ್ಪಿಸಿಹೋಗಿದ್ದ. ನಾನು ಎರಡನೇ ಸಾಲಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೆ.

ನಾನು ಓದಿದ್ದು ಏಳನೇ ಕ್ಲಾಸು. ಹಾಗಾಗಿ ಸುತ್ತಿ ಬಳಸಿ ಬರೆಯುವುದು ನನಗೆ ಬಾರದು. ಮೊದಲಿನಿಂದ ಹೇಳಿಬಿಡುತ್ತೇನೆ.

ನಮ್ಮದು ಮೈಸೂರಿನಲ್ಲಿ ಮದುವೆಗಳಿಗೆ ನುಡಿಸುವ ಬ್ಯಾಂಡ್ ಸೆಟ್ಟು. ತಾತ ಕಟ್ಟಿದ್ದು, ಅಪ್ಪ ನಡೆಸಿದ್ದು. ಅದಕ್ಕೂ ಮೊದಲು ತಾತ ಬೆಂಗಳೂರಿನ ದಂಡಿನಲ್ಲಿ, ಬ್ರಿಟಿಷರ ಪಟಾಲಮ್ಮಿನಲ್ಲಿ ಕೊಳಲು ಊದುತ್ತಿದ್ದ. ಅದು ನಮ್ಮ ಬಿದಿರಿನ ಕೊಳಲಲ್ಲ. ಒಂದೂವರೆ ಗೇಣು ಉದ್ದ, ಕಪ್ಪು ಮರದ್ದು, ಆರು ತೂತು, ಎರಡೂ ತುದಿಗೆ ಹಿತ್ತಾಳೆಯ ಬಳೆ. ದನಿ ಕಿವಿ ಸೀಳುವಂಥದ್ದು. ಬಯಲಿನಲ್ಲಿ ನಡೆಯುವ ನೂರಾರು ಜನರಿಗೆ ಕೇಳಬೇಕಲ್ಲ, ಅದಕ್ಕೆ. ಮನೆಯಲ್ಲಿ ನಾವು ಪಟಾಲಂ ಕೊಳಲು ಎನ್ನುತ್ತಿದ್ದೆವು. ಫೈಫ್ ಎಂಬ ಹೆಸರು ಕೇಳಿದ್ದು ಅಮೆರಿಕಕ್ಕೆ ಬಂದ ಮೇಲೆ.

ಆ ಕೊಳಲಿನಲ್ಲಿ ನಮ್ಮ ಸೆಟ್ಟು ನುಡಿಸುತ್ತಿದ್ದದ್ದು ಒಂದೇ ಒಂದು ಮಟ್ಟು, ಅದೂ ಒಂದೇ ಹೊತ್ತಿನಲ್ಲಿ. ದಿಬ್ಬಣ ಬರುವಾಗ ಟ್ರಂಪೆಟ್ಟು, ಕ್ಲಾರಿನೆಟ್ಟು, ಸಿನಿಮಾ ಹಾಡು, ಕುಣಿತ ಎಲ್ಲ ಇರುತ್ತಿತ್ತು. ಹೆಣ್ಣೊಪ್ಪಿಸುವ ಶಾಸ್ತ್ರ ಮುಗಿದು, ಅತ್ತು ಮುಖ ಊದಿಸಿಕೊಂಡ ಹುಡುಗಿಯನ್ನು ಕಾರಿಗೆ ಹತ್ತಿಸುವಾಗ ಅಪ್ಪ ಕೈಯೆತ್ತಿ ಉಳಿದ ವಾದ್ಯಗಳನ್ನು ನಿಲ್ಲಿಸುತ್ತಿದ್ದ. ಆಮೇಲೆ ಅಪ್ಪನ ಕೊಳಲು, ಸೈಡ್ ಡ್ರಮ್ಮು, ಎರಡೇ. ಚುರುಕಾದ ನಡೆ, ಕಾಲು ತಾನಾಗಿ ಏಳುವಂಥದ್ದು. ಆದರೆ ಪ್ರತಿ ಸುತ್ತಿನ ಕೊನೆಗೆ ಯಾರನ್ನೋ ಬಾಗಿಲಾಚೆ ದಬ್ಬಿದ ಹಾಗೆ ತಟ್ಟನೆ ಕಡಿಯುತ್ತಿತ್ತು. ಕಾರು ಛತ್ರದ ಗೇಟು ದಾಟುವವರೆಗೆ ನುಡಿಸಬೇಕು. ದಾಟಿದ ಮೇಲೆ ಒಂದು ಸ್ವರವೂ ಕೂಡದು. ಅದು ತಾತ ಹಾಕಿಕೊಟ್ಟ ಕಟ್ಟಳೆ.

ಆ ಮಟ್ಟು ಎಲ್ಲಿಂದ ಬಂತು ಎಂದು ಕೇಳಿದರೆ ಸಾಕು, ಅಜ್ಜಿ ಎಲೆಯಡಿಕೆ ಪಕ್ಕಕ್ಕಿಟ್ಟು ನೆಟ್ಟಗೆ ಕೂರುತ್ತಿದ್ದಳು.

"ನಿಮ್ ತಾತ ಪಟಾಲಮ್ ಬಿಟ್ಟ ದಿನ ಸುಮ್ನೆ ಕಳಿಸ್ಲಿಲ್ಲ ಕಣ್ರೋ. ಇಡೀ ಪಟಾಲಮ್ಮು ಸಾಲಾಗಿ ನಿಂತಿತ್ತು. ಬ್ಯಾಂಡ್‌ನೋರು ಈ ಟ್ಯೂನ್ ಬಾರಿಸ್ಕೊಂಡು ಗೇಟ್‌ಗಂಟ ಬಂದು ಬಿಟ್ಟುಹೋದ್ರು. ಯಾವ ದೊಡ್ಡ ಮನುಷ್ಯಂಗೆ ಸಿಕ್ಕೈತೆ ಅಂಥ ಮರ್ವಾದೆ?"

ನನಗಿಂತ ಒಂಬತ್ತು ವರ್ಷ ಚಿಕ್ಕವಳಾದ ತಂಗಿ ಅಜ್ಜಿಯ ತೊಡೆಯ ಮೇಲೆ ಕೂತು ಇದನ್ನು ನೂರು ಸಲ ಕೇಳಿದ್ದಾಳೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಸೆಟ್ಟಿನ ಸೈಡ್ ಡ್ರಮ್ಮಿನವನು ಜಗಳವಾಡಿ ಬೇರೆ ಸೆಟ್ಟಿಗೆ ಹೋದ. ಮದುವೆಯ ತಿಂಗಳು. "ಒಂದೆರಡು ವಾರ ನಿಂತ್ಕೊಳೋ," ಎಂದ ಅಪ್ಪ. ಆ ಎರಡು ವಾರ ಹನ್ನೊಂದು ವರ್ಷವಾಯಿತು. ತಂಗಿ ಶಾಲೆಗೆ ಹೋಗುವಾಗ ನಾನು ಕೆಂಪು ಕೋಟು ಹಾಕಿಕೊಂಡು ಎದುರಿಗೆ ಬರುತ್ತಿದ್ದೆ. ಗೆಳತಿಯರ ಜೊತೆ ಇದ್ದರೆ ಅವಳು ರಸ್ತೆಯ ಆಚೆ ಬದಿಗೆ ದಾಟುತ್ತಿದ್ದಳು. ಆಗ ಅವಳು ಚಿಕ್ಕವಳು. ನಾನು ಅದನ್ನು ಮರೆಯಬಹುದಿತ್ತು.

ನನ್ನ ಹದಿನೇಳನೇ ವಯಸ್ಸಿನಲ್ಲಿ ಒಂದು ಮದುವೆ. ಹೆಣ್ಣಿನ ಕಡೆಯವರಲ್ಲಿ ಮಿಲಿಟರಿಯಿಂದ ರಿಟೈರ್ ಆದ ಹಿರಿಯರೊಬ್ಬರಿದ್ದರು. ಕಾರು ಹೋದ ಮೇಲೆ ಅವರು ನೇರವಾಗಿ ಛತ್ರದ ಹಿಂಭಾಗಕ್ಕೆ ಬಂದರು. ಬ್ಯಾಂಡಿನವರಿಗೆ ಊಟ ಯಾವಾಗಲೂ ಕಡೇ ಪಂಕ್ತಿ, ಹಿಂದಿನ ಹಜಾರದಲ್ಲಿ. ನಾವು ಎಲೆಗೆ ಕಾದು ಕೂತಿದ್ದೆವು.

"ಏನ್ರಿ ಮೇಸ್ತ್ರಿ, ಹೆಣ್ಣು ಕಳಿಸೋ ಹೊತ್ನಲ್ಲಿ ಅದನ್ನ ಯಾಕ್ ಬಾರಿಸಿದ್ರಿ? ಅದೇನು ಅಂತ ಗೊತ್ತೇನ್ರಿ ನಿಮಗೆ?"

ಅಪ್ಪ ಎದ್ದು ಕೈಮುಗಿದ. "ಗೊತ್ತು ಸ್ವಾಮಿ," ಎಂದ. ಆ ಮನುಷ್ಯ ಅಪ್ಪನ ಮುಖವನ್ನು ಒಂದು ಗಳಿಗೆ ನೋಡಿ ಹೊರಟುಹೋದರು.

ಊಟವಾಗಿ ಕೈ ತೊಳೆಯುವಾಗ ಅಪ್ಪ ನನ್ನನ್ನು ಬಾವಿಕಟ್ಟೆಯ ಆಚೆಗೆ ಕರೆದ.

"ಕದ್ದ ಸಿಪಾಯಿನ ಓಡಿಸೋ ಟ್ಯೂನ್ ಕಣೋ ಅದು. ಕೋಟಿನ ಗುಂಡಿ ಎಲ್ಲಾ ಕತ್ತರಿಸಿ, ಪಟಾಲಮ್ ಮುಂದೆ ನಡೆಸ್ಕೊಂಡು ಹೋಗಿ ಗೇಟ್ ಆಚೆ ತಳ್ತಾರೆ. ಹಿಂದುಗಡೆ ಕೊಳಲು, ಡ್ರಮ್ಮು. ನಿಮ್ ತಾತನ್ನ ಹಂಗೇ ತಳ್ಳಿದ್ದು. ಅವತ್ತು ಕೊಳಲು ಊದ್ದೋನು ತಾತನ ಹತ್ರಾನೇ ಕಲ್ತೋನು."

"ತಾತ ಏನ್ ಕದ್ದಿದ್ದ?"

"ನಾನ್ ಕೇಳ್ಲಿಲ್ಲ. ಕದ್ನೋ, ಇವ್ನೇ ಕದ್ದ ಅಂದ್ರೋ. ಹೆತ್ತೋನ್ನ ಹೆಂಗೋ ಕೇಳೋದು ಅದನ್ನ?"

"ಮತ್ತೆ ಅದನ್ನೇ ಮದುವೇಲಿ ಯಾಕೆ?"

"ಅದನ್ನ ಕೇಳ್ದೆ. ಅದೊಂದು ಕೇಳ್ದೆ." ಅಪ್ಪ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದ. "ತಾತ ಅಂದ, 'ಈ ಟ್ಯೂನ್‌ಗೆ ನಾನ್ ಗೇಟ್ ದಾಟ್ದಾಗ ಹಿಂದೆ ಅಳೋರು ಒಬ್ರೂ ಇರ್ಲಿಲ್ಲ. ಇನ್ಮೇಲೆ ಈ ಟ್ಯೂನ್‌ಗೆ ಗೇಟ್ ದಾಟೋರ ಹಿಂದೆ ಊರೇ ಅಳ್ಬೇಕು' ಅಂತ. ಅದಕ್ಕೇ ಹೆಣ್ಣೊಪ್ಪಿಸೋವಾಗ."

ಟವೆಲನ್ನು ಹೆಗಲಿಗೆ ಹಾಕಿಕೊಂಡು ಮತ್ತೆ ಹೇಳಿದ. "ಅಜ್ಜಿ ಹತ್ರ ಬಾಯ್ ಬಿಡ್ಬೇಡ, ಅವಳು ಆ ಕತೆ ಹಿಡ್ಕೊಂಡೇ ಬದುಕಿರೋದು. ತಂಗಿ ದೊಡ್ಡೋಳಾದ್ಮೇಲೆ ನೀನೇ ಹೇಳು. ಹೇಳಿದ್ರೆ ಎರಡೂ ಹೇಳು. ಅರ್ಧ ಹೇಳ್ಬೇಡ."

ನಾನು ಅರ್ಧವನ್ನೂ ಹೇಳಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಸೆಟ್ಟು ನಿಂತಿತು. ನಾನು ಹೋಟೆಲಿನ ಕಾವಲಿಯ ಮುಂದೆ ನಿಂತು ದೋಸೆ ಹಾಕುವುದನ್ನು ಕಲಿತೆ. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಅದೇ ಕೆಲಸ ನನ್ನನ್ನು ಹ್ಯೂಸ್ಟನ್‌ಗೆ ತಂದಿತು. ಹಿಲ್‌ಕ್ರಾಫ್ಟ್ ರಸ್ತೆಯಲ್ಲಿ ಉಡುಪಿ ಕಡೆಯವರೊಬ್ಬರ ಹೋಟೆಲು, ಒಂದು ಕಡೆ ಸೀರೆ ಅಂಗಡಿ, ಇನ್ನೊಂದು ಕಡೆ ದಿನಸಿ ಅಂಗಡಿ. ಎರಡು ವರ್ಷದ ಮೇಲೆ ತಂಗಿಗೆ ಸ್ಕಾಲರ್‌ಶಿಪ್ ಸಿಕ್ಕಿ ಆಸ್ಟಿನ್‌ನ ಯೂನಿವರ್ಸಿಟಿಗೆ ಬಂದಳು. ಕುಡಿಯುವ ನೀರು ಶುದ್ಧಮಾಡುವ ವಿಷಯ ಅವಳ ಓದು. ಹೊರಡುವಾಗ ಅಮ್ಮ ತಾತನ ಕೊಳಲನ್ನು ಅವಳ ಪೆಟ್ಟಿಗೆಯಲ್ಲಿಟ್ಟಳು. ಅವಳಿಗೆ ಅಪ್ಪ ಚಿಕ್ಕಂದಿನಲ್ಲಿ ಊದಲು ಕಲಿಸಿದ್ದ, ಮನೆಯೊಳಗೆ, ಆಟಕ್ಕೆ. ನನ್ನ ಡ್ರಮ್ಮು ಅಷ್ಟರಲ್ಲಿ ಗುಜರಿಗೆ ಹೋಗಿತ್ತು.

ಒಂದು ಶನಿವಾರ ಮಧ್ಯಾಹ್ನ, ಹೋಟೆಲಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ, ಅಡುಗೆಮನೆಗೆ ಫೋನು ಬಂತು. ತಂಗಿ ಬೀದಿಯಿಂದ ಕೂಗುತ್ತಿದ್ದಳು.

"ಅಣ್ಣಾ, ಕೇಳಿಸ್ಕೋ! ಇಲ್ಲಿ ಪೆರೇಡ್‌ನಲ್ಲಿ ಹಳೇ ಕಾಲದ ಸೋಲ್ಜರ್ಸ್ ಡ್ರೆಸ್ ಹಾಕ್ಕೊಂಡು ಬಾರಿಸ್ತಿದಾರೆ. ನಮ್ದು! ನಮ್ ಟ್ಯೂನು!"

ಅವಳು ಫೋನನ್ನು ಬೀದಿಯ ಕಡೆ ಹಿಡಿದಿರಬೇಕು. ಗದ್ದಲದ ನಡುವೆ ಕೊಳಲು ಬಂತು, ಡ್ರಮ್ಮು ಬಂತು, ಕೊನೆಗೆ ಅದೇ ಕಡಿತ. ಕೈಯಲ್ಲಿ ಸೌಟು ಹಿಡಿದು ನಿಂತೆ. ಕಾವಲಿಯ ಮೇಲೆ ಆರು ದೋಸೆ ಕರಕಾದವು.

"ಅವ್ರನ್ನ ಕೇಳ್ದೆ ಅಣ್ಣ. ಇಂಗ್ಲೆಂಡ್‌ನಿಂದ ಬಂದ ಬಹಳ ಹಳೇ ಆರ್ಮಿ ಟ್ಯೂನ್ ಅಂತೆ, ಅಷ್ಟೇ ಗೊತ್ತು ಅಂದ್ರು. ಅಪ್ಪ ನಿಂಗೇನಾದ್ರೂ ಹೇಳಿದ್ರಾ?"

"ಅಜ್ಜಿ ಹೇಳಿದ್ದು ನಿಂಗೂ ಗೊತ್ತಲ್ಲ," ಎಂದೆ. ಜನ ಕಾಯುತ್ತಿದ್ದಾರೆಂದು ಫೋನಿಟ್ಟೆ. ಅದೊಂದು ಸಲಕ್ಕೆ ಕ್ಷಮೆ ಇರಬಹುದು. ನಿಜವಾಗಿಯೂ ಜನ ಕಾಯುತ್ತಿದ್ದರು.

ಪುಸ್ತಕದಲ್ಲಿ ಹುಡುಕಲು ಮಟ್ಟಿಗೊಂದು ಹೆಸರು ಬೇಕು. ನಾವು ನುಡಿಸುತ್ತಿದ್ದ ಈ ಮಟ್ಟಿಗೆ ಹೆಸರೇ ಇರಲಿಲ್ಲ. ಆಸ್ಟಿನ್‌ನ ಆ ಗುಂಪಿನವರು ತಮಗೆ ತೋಚಿದ ಹೆಸರಿಟ್ಟುಕೊಂಡಿದ್ದರು. ತಂಗಿಗೆ ಹುಡುಕುವ ಅಗತ್ಯವೂ ಕಾಣಲಿಲ್ಲ, ಉತ್ತರ ಅಜ್ಜಿಯ ಬಾಯಲ್ಲಿ ಸಿಕ್ಕಿತ್ತಲ್ಲ. ಇಂಥ ಗುಂಪುಗಳೆಲ್ಲ ವರ್ಷಕ್ಕೊಮ್ಮೆ ಡಲ್ಲಾಸ್‌ನಲ್ಲಿ ಸೇರುತ್ತವಂತೆ. ಮೈಸೂರಿನ ಮದುವೆಗಳವರೆಗೆ ತಮ್ಮ ಮಟ್ಟು ಹೇಗೆ ಹೋಯಿತೆಂದು ಹತ್ತು ನಿಮಿಷ ಮಾತಾಡಿ, ನುಡಿಸಿಯೂ ತೋರಿಸಿ ಎಂದು ಅವಳನ್ನು ಕರೆದರು. ತಂಗಿ ನನ್ನನ್ನೂ ಬಾ ಎಂದಳು. ರಜೆ ಕೇಳಿ, ಬಸ್ಸು ಹತ್ತಿ ಆಸ್ಟಿನ್‌ಗೆ ಹೋದೆ. ಅಲ್ಲಿಂದ ಅವಳ ಹಳೇ ಕಾರಿನಲ್ಲಿ ಡಲ್ಲಾಸ್‌ಗೆ.

ದಾರಿಯಲ್ಲಿ ನನ್ನ ಕೈಗೆ ಕಾಗದ ಕೊಟ್ಟಳು. ಇಂಗ್ಲಿಷು. ನಾನು ತಿರುಗಿಸಿ ಮುರುಗಿಸಿ ನೋಡಿದ್ದನ್ನು ಕಂಡು, ವೇಕೋ ಎಂಬ ಊರು ದಾಟಿ ಕಾರಿಗೆ ಪೆಟ್ರೋಲ್ ಹಾಕಿಸಲು ನಿಂತಾಗ ಅವಳೇ ಕನ್ನಡದಲ್ಲಿ ಹೇಳುತ್ತಾ ಹೋದಳು. ತಾತ, ಪಟಾಲಂ, ಗೇಟಿನವರೆಗೆ ಬ್ಯಾಂಡು, ಮರ್ಯಾದೆ. ನಾನು ಬಾಯಿ ತೆರೆದೆ. ಇದನ್ನು ನಂಬುವುದೂ ಬಿಡುವುದೂ ಓದುವವರಿಗೆ ಬಿಟ್ಟದ್ದು, ಆದರೆ ನಿಜವಾಗಿ ತೆರೆದೆ. ಅಷ್ಟರಲ್ಲಿ ಅವಳು ಕೊನೆಯ ಭಾಗಕ್ಕೆ ಬಂದಿದ್ದಳು.

"ಆಮೇಲೆ, ಮೂರನೇ ತಲೆಮಾರಿನಲ್ಲಿ ಈ ವಿದ್ಯೆ ನಿಂತುಹೋಯ್ತು, ಯಾರೂ ಮುಂದುವರಿಸಲಿಲ್ಲ ಅಂತ ಮುಗಿಸ್ತೀನಿ. ಚೆನ್ನಾಗಿದೆ ಅಲ್ವಾ?"

"ಯಾರೂ ಇಲ್ವಾ?"

"ಹೂಂ?"

"ಹನ್ನೊಂದು ವರ್ಷ ಡ್ರಮ್ ಹೊಡ್ದೋನು ಯಾರು?"

"ಅಯ್ಯೋ ಅಣ್ಣ!" ನಕ್ಕಳು. "ಕೊಳಲು ಅಂತ ನಾನ್ ಹೇಳಿದ್ದು. ನಿಂದು ಡ್ರಮ್ ತಾನೇ. ಅದೂ ಬಲವಂತಕ್ಕೆ. ನೀನೇ ಯಾವಾಗ್ಲೂ ಬೈಕೋತಿದ್ಯಲ್ಲ."

ಅವಳು ಹೇಳಿದ್ದು ಸುಳ್ಳಲ್ಲ. ನಾನು ಬೈದುಕೊಳ್ಳುತ್ತಿದ್ದದ್ದು ನಿಜ. ಆದರೂ ತೆರೆದ ಬಾಯಿ ಮುಚ್ಚಿಕೊಂಡಿತು. ನೋಡೋಣ, ಓದಿದವಳಲ್ಲವೇ, ಹೇಳಲಿ ಎಂದು ಒಳಗೊಂದು ದನಿ ಎದ್ದಿತು. ಆ ದನಿ ಕೇಳಿ ನನಗೆ ಒಂಥರಾ ಖುಷಿಯಾಯಿತು. ಇಷ್ಟು ವರ್ಷದ ಮೇಲೆ ನಾಚಿಕೆಯಾಗುವುದು ಮೌನಕ್ಕಿಂತ ಹೆಚ್ಚಾಗಿ ಆ ಖುಷಿಗೆ. ಕೇಡು ಮಾಡುವುದಕ್ಕೆ ನಾನು ಏನನ್ನೂ ಮಾಡಬೇಕಾಗಿರಲಿಲ್ಲ. ಕಾರಿನಲ್ಲಿ ಕೂತಿದ್ದರೆ ಸಾಕಿತ್ತು.

ಸಭಾಂಗಣ ತುಂಬಿತ್ತು. ಕೆಂಪು ಕೋಟಿನವರು, ನೀಲಿ ಕೋಟಿನವರು, ಮೂರು ಮೂಲೆಯ ಟೋಪಿಯವರು. ನಮ್ಮ ಬ್ಯಾಂಡಿನ ಕೋಟುಗಳಂತೆಯೇ ಬೆನ್ನಲ್ಲಿ ಬೆವರಿನ ಕಲೆ. ಊರಿನಲ್ಲಿ ಅಂಥ ಕೋಟು ಹಾಕಿದವನಿಗೆ ಕಡೇ ಪಂಕ್ತಿ. ಇಲ್ಲಿ ಡಾಕ್ಟರು, ವಕೀಲರು ಆಸೆಪಟ್ಟು ಹಾಕಿಕೊಂಡಿದ್ದರು. ತಂಗಿ ಮೊದಲು ನುಡಿಸಿದಳು. ಚೆನ್ನಾಗಿ ನುಡಿಸಿದಳು, ಅಪ್ಪನ ಉಸಿರೇ. ನನ್ನ ಬೆರಳುಗಳು ತೊಡೆಯ ಮೇಲೆ ತಾವಾಗಿ ಪೆಟ್ಟು ಹಾಕುತ್ತಿದ್ದವು. ಮುಂದಿನ ಸಾಲಿನಲ್ಲಿದ್ದ ಬಿಳಿ ಮೀಸೆಯ ಮುದುಕರೊಬ್ಬರು ಮೊದಲು ನಗುತ್ತಾ ತಲೆಯಾಡಿಸಿದರು. ಆಮೇಲೆ ಅವರ ತಲೆಯಾಟ ನಿಂತಿತು.

ತಂಗಿ ಕೊಳಲು ಇಳಿಸಿ ಮಾತಾಡಿದಳು. ನನ್ನ ಇಂಗ್ಲಿಷು ಅಡುಗೆಮನೆಯ ಇಂಗ್ಲಿಷು, ಆದರೆ ಏನು ಹೇಳುತ್ತಿದ್ದಾಳೆಂದು ಗೊತ್ತಿತ್ತಲ್ಲ. ತಾತ ಪಟಾಲಂ ಬಿಟ್ಟ ದಿನ, ಸಿಪಾಯಿಗಳೆಲ್ಲ ಸಾಲಾಗಿ ನಿಂತಿರಲು, ಕೊಳಲು ಡ್ರಮ್ಮಿನವರು ಈ ಮಟ್ಟನ್ನು ನುಡಿಸುತ್ತ ಅವನನ್ನು ಗೇಟಿನವರೆಗೆ ಕರೆದೊಯ್ದರು, ಎಂದಳು.

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಇನ್ನೊಬ್ಬರು ಉಶ್ ಎಂದರು. ತಂಗಿ, ಏನೋ ತಮಾಷೆಯಾಗಿದೆ ಎಂದುಕೊಂಡು ತಾನೂ ನಕ್ಕಳು. ಆ ನಗು ಮುಗಿಯುವ ಮೊದಲೇ ಬಿಳಿ ಮೀಸೆಯವರು ಎದ್ದು ನಿಂತರು. ಒಳ್ಳೆಯ ಮನುಷ್ಯ. ಮೆಲ್ಲಗೆ, ಮಗಳಿಗೆ ಹೇಳುವಂತೆ ಹೇಳಿದರು. ಮಟ್ಟಿನ ಹಳೆಯ ಹೆಸರು, ಅದನ್ನು ಯಾವಾಗ ನುಡಿಸುತ್ತಿದ್ದರು ಎಂಬುದು, ಗುಂಡಿ ಕತ್ತರಿಸುವುದು, ಗೇಟು. ಕಳ್ಳ ಎಂಬ ಪದ ನನಗೂ ಅರ್ಥವಾಯಿತು.

ತಂಗಿ ನನ್ನ ಕಡೆ ನೋಡಿದಳು. ಆ ಸಭೆಯಲ್ಲಿ ಅವಳಿಗೆ ನೋಡಲು ಇದ್ದದ್ದು ನನ್ನ ಮುಖ ಒಂದೇ. ಎರಡನೇ ಅರ್ಧ ನನ್ನಲ್ಲಿತ್ತು. ಎದ್ದು ಕನ್ನಡದಲ್ಲಿ ಹೇಳಿದ್ದರೂ ಸಾಕಿತ್ತು, ಅವಳು ಇಂಗ್ಲಿಷಿಗೆ ಹಾಕುತ್ತಿದ್ದಳು. ತಾತ ಆ ಮಟ್ಟನ್ನು ಏಕೆ ಇಟ್ಟುಕೊಂಡ ಎಂಬುದು ಕಿವಿಗೆ ಬಿದ್ದಿದ್ದರೆ ಆ ಕೋಟಿನವರಲ್ಲಿ ಒಬ್ಬರೂ ನಗುತ್ತಿರಲಿಲ್ಲ. ನಾನು ತಲೆ ತಗ್ಗಿಸಿ ನನ್ನ ಬೂಟಿನ ದಾರ ನೋಡಿದೆ.

ಅವಳು ಥ್ಯಾಂಕ್ ಯೂ ಎಂದು ಇಳಿದಳು. ಮೂರನೇ ತಲೆಮಾರಿನ ಸಾಲನ್ನು ಓದಲೇ ಇಲ್ಲ.

ಕಾರು ಹತ್ತಿ ವಾಪಸು ಹೊರಟೆವು. ದಾರಿಯಲ್ಲಿ, ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ಅಣ್ಣ, ನಿಂಗೆ ಗೊತ್ತಿತ್ತಾ?"

"ಇಲ್ಲ."

ಒಂದೇ ಪದ. ಅದನ್ನು ಹೇಳಲು ನನಗೆ ಸ್ವಲ್ಪವೂ ಕಷ್ಟವಾಗಲಿಲ್ಲ.

ಆಮೇಲೆ ಅವಳು ಕೊಳಲು ಮುಟ್ಟಲಿಲ್ಲ. ಆಸ್ಟಿನ್‌ನಲ್ಲೇ ಕೆಲಸ ಸಿಕ್ಕಿತು. ಹಬ್ಬಕ್ಕೆ ಫೋನು, ಹೇಗಿದ್ದೀಯ, ಚೆನ್ನಾಗಿದ್ದೀನಿ. ನನ್ನ ಹೆಂಡತಿ, ಮಗಳು ಊರಿನಿಂದ ಬಂದು ನನ್ನ ಜೊತೆ ನೆಲೆಸಿದರು. ವರ್ಷಗಳು ಹೀಗೇ ಹೋದವು. ನಾನೂ ಅದನ್ನು ಮುಗಿದ ಮಾತು ಎಂದುಕೊಂಡಿದ್ದೆ.

ಮಗಳು ಆರನೇ ತರಗತಿಗೆ ಬಂದಾಗ ಶಾಲೆಯ ಬ್ಯಾಂಡಿಗೆ ಸೇರಿದಳು. ಟೆಕ್ಸಸ್‌ನಲ್ಲಿ ಶಾಲೆಯ ಬ್ಯಾಂಡೆಂದರೆ ದೊಡ್ಡ ಗೌರವ. ಅಪ್ಪ ಅಮ್ಮಂದಿರು ಬಿಸಿಲಲ್ಲಿ ನಿಂತು ಚಪ್ಪಾಳೆ ಹೊಡೆಯುತ್ತಾರೆ. ಅವಳು ಆರಿಸಿಕೊಂಡದ್ದು ಫ್ಲೂಟು. ಒಂದು ದಿನ ಬ್ಯಾಂಡಿನ ಮೇಷ್ಟ್ರು ಎಲ್ಲರಿಗೂ ನಿಮ್ಮ ನಿಮ್ಮ ಮನೆಯಲ್ಲಿ ನುಡಿಸುತ್ತಿದ್ದ ಹಳೆಯ ಟ್ಯೂನೊಂದನ್ನು ಕೇಳಿಕೊಂಡು ಬನ್ನಿ ಎಂದರಂತೆ. ನಾನು ಕೆಲಸದಲ್ಲಿದ್ದೆ. ಅವಳು ಅತ್ತೆಗೆ ಫೋನು ಮಾಡಿದಳು.

ಸಂಜೆ ನಾನು ಮನೆಗೆ ಬಂದಾಗ ಬಾಗಿಲಲ್ಲೇ ನಿಂತಿದ್ದಳು. "ಡ್ಯಾಡ್, ಅತ್ತೆ ಸೆಡ್ ವಿ ಡೋಂಟ್ ಹ್ಯಾವ್ ಎನಿ ಟ್ಯೂನ್ಸ್. ಜಸ್ಟ್ ಎ ಥೀಫ್ಸ್ ಟ್ಯೂನ್. ವಾಸ್ ಯುವರ್ ತಾತ ಎ ಥೀಫ್?"

"ಬೇರೇನು ಹೇಳಿದ್ಲು ಅತ್ತೆ?"

ತಾತ ಅಜ್ಜಿಗೆ ಸುಳ್ಳು ಹೇಳಿದ, ನಮ್ಮಪ್ಪ ಏನೂ ತಿಳಿಯದ ಪೆದ್ದ, ಪಾಪದ ಹುಡುಗಿಯರನ್ನು ಕಳ್ಳರ ಮಟ್ಟು ನುಡಿಸಿ ಮನೆಯಿಂದ ಕಳಿಸುತ್ತಿದ್ದ, ಮರೆತುಬಿಡು, ಎಂದಿದ್ದಳಂತೆ. ಬಾವಿಕಟ್ಟೆಯ ಹತ್ತಿರ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದ ಅಪ್ಪ ಕಣ್ಣಮುಂದೆ ಬಂದ. ಗೊತ್ತು ಸ್ವಾಮಿ, ಎಂದವನು. ಅವನನ್ನು ಪೆದ್ದನನ್ನಾಗಿ ಮಾಡಿದ್ದು ನಾನು. ನನ್ನ ಹೊಟ್ಟೆಕಿಚ್ಚು ತಂಗಿಯ ಮೇಲಿತ್ತು. ಬಿದ್ದದ್ದು ಅವನ ಮೇಲೆ, ತಾತನ ಮೇಲೆ, ಈಗ ಮಗಳ ಮೇಲೆ.

ಮಾರನೆಯ ದಿನ ಹೋಟೆಲಿಗೆ ರಜೆ ಹೇಳಿ ಆಸ್ಟಿನ್‌ಗೆ ಡ್ರೈವ್ ಮಾಡಿದೆ. ಅವಳ ಆಫೀಸು ಊರಿನ ಉತ್ತರಕ್ಕೆ, ದ ಡೊಮೇನ್ ಎಂಬ ದೊಡ್ಡ ಅಂಗಡಿಗಳ ಸಾಲಿನ ಹತ್ತಿರ. ಊಟದ ಹೊತ್ತಿಗೆ ಕೆಳಗಿಳಿದು ಬಂದಳು. ಗಾಬರಿಯಾಗಿದ್ದಳು.

"ಏನಣ್ಣ, ಹೇಳ್ದೆ ಕೇಳ್ದೆ? ಅತ್ತಿಗೆ ಚೆನ್ನಾಗಿದಾರಾ? ಪಾಪು?"

ಹೊಳೆಯುವ ಅಂಗಡಿಗಳ ಎದುರಿನ ಕಲ್ಲುಬೆಂಚಿನ ಮೇಲೆ ಕೂತೆವು. ಎಲ್ಲ ಹೇಳಿದೆ. ಮಿಲಿಟರಿಯ ಹಿರಿಯರು, ಬಾವಿಕಟ್ಟೆ, ಗುಂಡಿ, ಊರೇ ಅಳಬೇಕು ಎಂದ ತಾತನ ಮಾತು. ಎರಡೂ ಹೇಳು ಎಂದ ಅಪ್ಪನ ಮಾತು. ಅವಳು ತಂದ ಊಟದ ಡಬ್ಬಿ ತೆರೆಯದೆ ತೊಡೆಯ ಮೇಲೆ ಹಾಗೇ ಇತ್ತು.

"ಊರೇ ಅಳ್ಬೇಕು ಅಂದಿದ್ರಾ ತಾತ?" ಎಂದಳು.

"ಹೂಂ."

"ಡಲ್ಲಾಸ್‌ಗೆ ಹೋಗೋ ಮೊದ್ಲೇ ಗೊತ್ತಿತ್ತು ನಿಂಗೆ."

"ಹೂಂ."

"ಕಾರಲ್ಲಿ ಕೇಳ್ದಾಗ ಇಲ್ಲ ಅಂದೆ."

"ಹೂಂ."

"ಯಾಕೆ?"

ವೇಕೋ ಹತ್ತಿರ ಅವಳು ಹೇಳಿದ ಸಾಲನ್ನು ನೆನಪಿಸಿದೆ. ಅವಳಿಗೆ ಅದು ನೆನಪಿರಲಿಲ್ಲ. ನಾನು ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡು ಸಾಕಿದ್ದು ಅವಳಿಗೆ ನೆನಪೇ ಇರಲಿಲ್ಲ. ಡಬ್ಬಿಯನ್ನು ಕೈಗೆತ್ತಿಕೊಂಡಳು.

"ಬರೆದಿದ್ರೆ ತಪ್ಪೇ. ಕೆಂಪು ಕೋಟ್ ಹಾಕ್ಕೊಂಡು ನೀನ್ ಎದುರಿಗೆ ಬಂದ್ರೆ ರಸ್ತೆ ದಾಟ್ತಿದ್ದೆ, ಅದೂ ತಪ್ಪೇ. ಬೈಬೇಕಿತ್ತು ಅಣ್ಣ. ಕಾರ್ ನಿಲ್ಸಿ ನಾಲ್ಕ್ ಬಾರಿಸಿದ್ರೂ ಆಗ್ತಿತ್ತು. ಅಷ್ಟ್ ಜನದ ಮುಂದೆ ನಾನ್ ನಿನ್ ಮುಖ ನೋಡ್ದೆ, ನೀನ್ ಶೂ ನೋಡ್ಕೋತಿದ್ದೆ."

ನಾನು ತಲೆ ತಗ್ಗಿಸಿದ್ದನ್ನು ಅವಳು ಗಮನಿಸಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಏಳಲು ಹೊರಟವಳ ಕೈಯಿಂದ ಡಬ್ಬಿ ತೆಗೆದು ಬೆಂಚಿನ ಮೇಲಿಟ್ಟೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದೆಲ್ಲ ಮರೆತಿತ್ತು. ಅಂಗಡಿಗೆ ಬಂದವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದೆ.

"ಅವತ್ತು ಎದ್ದು ನಿಂತು ಹೇಳ್ಬೇಕಿತ್ತು ಕಣಮ್ಮ, ಹೇಳ್ಲಿಲ್ಲ. ನೀನ್ ಬೀಳ್ಲಿ ಅಂತ್ಲೇ ಸುಮ್ನಿದ್ದೆ. ಕೇಳ್ದಾಗ ಸುಳ್ಳೂ ಹೇಳ್ದೆ. ಅಪ್ಪ ಪೆದ್ದ ಅಲ್ಲ, ತಾತ ಕದ್ನೋ ಇಲ್ವೋ ಗೊತ್ತಿಲ್ಲ, ಗೊತ್ತಿದ್ದನ್ನ ಬಚ್ಚಿಟ್ಟು ನಿನ್ನ ಆ ಗೇಟ್ ಆಚೆ ತಳ್ಳಿದ ಕಳ್ಳ ನಾನು. ನಂದು ತಪ್ಪಾಯ್ತು. ಕ್ಷಮಿಸು."